ನನ್ನ ಕೈಲಿ ಸಾಮಾನು, ನಿನ್ನ ಕೈಲಿ ಆಯುಧ

ಓದದೆಯೇ ಪಂಡಿತರಾಗಬಹುದಾದ ವಿಷಯಗಳು ಈ ದೇಶದಲ್ಲಿ ಮೂರಿವೆ: ರಾಜಕೀಯ, ಮೊಬೈಲು ಮತ್ತು ಕಾನೂನು. ಕ್ರಿಕೆಟ್ಟನ್ನೂ ಸೇರಿಸಬಹುದಿತ್ತು. ಆದರೆ ಅದರಲ್ಲಿ ಸ್ಕೋರು ಅಂತೊಂದು ಇದೆ, ಬಾಯಿಗೆ ಬಂದದ್ದು ಹೇಳಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತೇವೆ. ಮಿಕ್ಕ ಮೂರರಲ್ಲಿ ಆ ಭಯವಿಲ್ಲ. ಐದು ವರ್ಷಕ್ಕೊಮ್ಮೆ ಫಲಿತಾಂಶ ಬಂದರೂ "ನಾನು ಹೇಳಿದ್ದೇ ಬೇರೆ, ನೀವು ಕೇಳಿಸಿಕೊಂಡಿದ್ದೇ ಬೇರೆ" ಎಂದು ಜಾರಿಕೊಳ್ಳಬಹುದು.

ಈ ಪಾಂಡಿತ್ಯ ಪ್ರದರ್ಶನಕ್ಕೆ ನಮ್ಮ ರಸ್ತೆಯಲ್ಲಿರುವ ಸಭಾಂಗಣ ಎಳನೀರಿನ ಗಾಡಿ. ಖಾಯಂ ಸದಸ್ಯರು ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು, ಕೇಸು ಕಡಿಮೆ ಇರುವ ವಕೀಲರೊಬ್ಬರು, ಮತ್ತು ಮನೆಯಿಂದಲೇ ಕೆಲಸ ಮಾಡುವ, ಅಂದರೆ ಗಾಡಿಯ ಬಳಿಯೇ ಹೆಚ್ಚು ಕಾಣಿಸಿಕೊಳ್ಳುವ ಸಾಫ್ಟ್‌ವೇರ್ ಹುಡುಗನೊಬ್ಬ. ಮೊನ್ನೆಯ ಕಲಾಪ ಲಾಂಗಿನ ಬಗ್ಗೆ. ಯಾರೋ ಹುಡುಗ ಕೈಯಲ್ಲಿ ಲಾಂಗು ಹಿಡಿದು ರೀಲ್ಸ್ ಮಾಡಿ, ಪೊಲೀಸರು ಆಯುಧ ಕಾಯ್ದೆಯಡಿ ಕೇಸು ಜಡಿದಿದ್ದರು. ಮ್ಯಾನೇಜರು ಕೆಂಡವಾಗಿದ್ದರು. "ಒಳಗೆ ಹಾಕಬೇಕು ಸಾರ್! ನಡುಬೀದಿಯಲ್ಲಿ ಅಷ್ಟುದ್ದದ ಮಚ್ಚು ಹಿಡಿದು ನಿಲ್ಲೋದು ಅಂದರೇನು?" ಹೀಗೆ ಅವರು ಗುಡುಗುವಾಗ ಅವರ ಮೂಗಿನಿಂದ ಮೊಳದೂರದಲ್ಲಿ, ನಡುಬೀದಿಯಲ್ಲೇ, ಅಷ್ಟುದ್ದದ ಮಚ್ಚೊಂದು ಎದ್ದು ಬಿದ್ದು ಅವರದೇ ಎಳನೀರು ಕೆತ್ತುತ್ತಿತ್ತು. "ಗಂಜಿ ಇರೋದು ಕೊಡಪ್ಪ" ಎಂದು ಮಚ್ಚಿನವನಿಗೆ ಹೇಳಿ ಅವರು ಭಾಷಣ ಮುಂದುವರಿಸಿದರು.

ಪಾಪ, ಮ್ಯಾನೇಜರ ತಪ್ಪಲ್ಲ. ನಮ್ಮ ಕಾನೂನಿನ ಕಣ್ಣೂ ಹೀಗೆಯೇ. ಅಲಗು 9 ಇಂಚಿಗಿಂತ ಉದ್ದ ಇದ್ದರೆ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧ ಎನ್ನುತ್ತದೆ ಆಯುಧ ಕಾಯ್ದೆಯ ನಿಯಮಗಳ ಪಟ್ಟಿ. ಖಡ್ಗ, ಭರ್ಜಿ, ಗಂಡುಗೊಡಲಿ, ಖುಕ್ರಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ಆದರೆ ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆ ಈ ನಾಲ್ಕರ ಪೈಕಿ ಒಂದಕ್ಕೆಂದು ಮಾಡಿದ್ದಾದರೆ ಮಾಫಿ. ಹಾಗಾದರೆ ಜಯನಗರದ ಫುಟ್‌ಪಾತಿನಲ್ಲಿ ಎಳನೀರು ಕೆತ್ತುವುದು ಬೇಸಾಯವೋ, ಕೈಗಾರಿಕೆಯೋ? ವಕೀಲರು ಸ್ಟ್ರಾ ಬಾಯಲ್ಲಿಟ್ಟುಕೊಂಡೇ ಎರಡು ನಿಮಿಷ ಯೋಚಿಸಿ, "ಗಂಜಿ ತೆಗೆಯೋದು ಸೇರಿಸಿದರೆ ವಿಜ್ಞಾನ" ಎಂದು ತೀರ್ಪಿತ್ತರು. ಅಜ್ಜಿಯರ ಕಾಲದ ಈಳಿಗೆಮಣೆಯನ್ನು ನೋಡಿ, ಹೆಡೆಯೆತ್ತಿ ನಿಂತ ಅದರ ಅಲಗಿನ ಮುಂದೆ ಎಷ್ಟೋ ಖಡ್ಗಗಳು ಸಪ್ಪೆ. ಅದು ಮಾತ್ರ ಕುಂಬಳಕಾಯಿಯ ಜೊತೆ ಸಾಧುವಾಗಿ ಬಾಳಿಕೊಂಡು ಬಂದಿದೆ.

ಇನ್ನೂ ಸೊಗಸಾದದ್ದು ಲಾಠಿಯ ಕತೆ. 1959ರ ಆಯುಧ ಕಾಯ್ದೆ 'ಆಯುಧ' ಅಂದರೇನು ಎಂದು ವಿವರಿಸುವಾಗ, ಬರೀ ಮನೆಗೆ ಅಥವಾ ಹೊಲಕ್ಕೆ ಬಳಸುವ ವಸ್ತುಗಳು ಇದರಲ್ಲಿ ಸೇರುವುದಿಲ್ಲ ಎಂದು ಹೇಳಿ, ಉದಾಹರಣೆಗೆ ಎರಡು ಹೆಸರು ಕೊಡುತ್ತದೆ: ಒಂದು ಲಾಠಿ, ಇನ್ನೊಂದು ಸಾಧಾರಣ ಊರುಗೋಲು. ಆದ್ದರಿಂದ ಪ್ರತಿಭಟನೆಗೆ ಹೋಗಿ ಬೆನ್ನು ಊದಿಸಿಕೊಂಡು ಬಂದವರು ಸಮಾಧಾನ ಮಾಡಿಕೊಳ್ಳಬಹುದು. ನಡೆದದ್ದು ಹಲ್ಲೆಯಲ್ಲ, ಕೃಷಿ ಚಟುವಟಿಕೆ.

ರಾಜಕಾರಣಿಗಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಸನ್ಮಾನ ಅಂದರೆ ಶಾಲು, ಹಾರ, ಮೈಸೂರು ಪೇಟದ ಜೊತೆಗೆ ಒಂದು ಗದೆ ಅಥವಾ ಖಡ್ಗ ಇರಲೇಬೇಕು. ಸನ್ಮಾನಿತರು ಅದನ್ನು ಒರೆಯಿಂದ ಹಿರಿದು, ಮೇಲೆತ್ತಿ, ಫೋಟೋದವನು "ಇನ್ನೊಂದು ಸಾರ್" ಅನ್ನುವವರೆಗೂ ಹಿಡಿದಿರುತ್ತಾರೆ. ಅಲಗು ಎಷ್ಟು ಇಂಚು ಎಂದು ಟೇಪು ಹಿಡಿದು ವೇದಿಕೆ ಹತ್ತಿದ ಸಬ್ ಇನ್ಸ್‌ಪೆಕ್ಟರನ್ನು ನಾನಂತೂ ಕಂಡಿಲ್ಲ. ಆ ಫೋಟೋ ನೋಡಿದ ಹುಡುಗ ತನ್ನ ಹುಟ್ಟುಹಬ್ಬಕ್ಕೆ ಕೇಕನ್ನು ಲಾಂಗಿನಲ್ಲಿ ಕತ್ತರಿಸಿದರೆ ಮಾರನೆಯ ದಿನ ಎಫ್‌ಐಆರ್. ದೊಡ್ಡವರು ಗಾಳಿ ಕತ್ತರಿಸಿದರೆ ಸನ್ಮಾನ, ಚಿಕ್ಕವರು ಕೇಕು ಕತ್ತರಿಸಿದರೆ ಅಪರಾಧ. ಹುಡುಗರಿಗೆ ಈ ಹುಚ್ಚು ಹಿಡಿಸಿದ್ದು ಸಿನಿಮಾ ಎಂದು ಮ್ಯಾನೇಜರ ವಾದ. ಅವರೇ 1995ರಲ್ಲಿ 'ಓಂ' ಚಿತ್ರಕ್ಕೆ ಟಿಕೆಟ್ ಸಿಗದೆ ಬ್ಲಾಕಿನಲ್ಲಿ ಕೊಂಡು ನೋಡಿದ ಪ್ರಸಂಗವನ್ನು ಬೇರೆ ದಿನ, ಬೇರೆ ಹುಮ್ಮಸ್ಸಿನಲ್ಲಿ ಹೇಳಿದ್ದರು. ಅವರು ನೋಡಿದ್ದು ಕಲೆ, ಹುಡುಗರು ನೋಡಿದ್ದು ಪ್ರಚೋದನೆ.

ಇಷ್ಟು ಹೊತ್ತಿಗೆ ಸೂತ್ರ ನಿಮಗೆ ಹೊಳೆದಿರಬೇಕು. ನನ್ನ ಕೈಲಿದ್ದರೆ ಸಾಮಾನು, ನಿನ್ನ ಕೈಲಿದ್ದರೆ ಆಯುಧ. ಇದನ್ನು ನಾವು ಕಂಡುಹಿಡಿದದ್ದಲ್ಲ, ಸರ್ಕಾರಿ ಮುದ್ರೆಯೊತ್ತಿ ಜಾರಿಗೆ ತಂದವರು ಬ್ರಿಟಿಷರು. ವೈಸ್‌ರಾಯ್ ಲಾರ್ಡ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆಯಲ್ಲಿ ಭಾರತೀಯರು ಬಂದೂಕು ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಅಹಿಂಸೆಯ ಗಾಂಧೀಜಿ ಕೂಡ ಈ ಕಾಯ್ದೆಯನ್ನು ಕಟುವಾಗಿ ಖಂಡಿಸಿದ್ದರು. ಕೋವಿಯ ಮೇಲಿನ ಪ್ರೀತಿಯಿಂದಲ್ಲ, ಇಡೀ ಒಂದು ರಾಷ್ಟ್ರವನ್ನೇ ನಿರಾಯುಧಗೊಳಿಸಿದ್ದಕ್ಕೆ.

ಅದೇ ಬ್ರಿಟಿಷರು ನಂಬಿದ ಒಂದು ಜಾಗ ನಮ್ಮ ಪಕ್ಕದಲ್ಲೇ ಇದೆ, ಕೊಡಗು. 1861ರಲ್ಲಿ ಮಾರ್ಕ್ ಕಬ್ಬನ್, ಹೌದು, ಪಾರ್ಕಿನ ಕಬ್ಬನ್ನೇ, ಕೊಡವರಿಗೆ ನಿರಾಯುಧಗೊಳಿಸುವ ಕಾಯ್ದೆಯಿಂದ ವಿನಾಯಿತಿ ಘೋಷಿಸಿದ. ಇವತ್ತಿಗೂ ಕೊಡವರು ಮತ್ತು ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ರೈಫಲ್ಲಿಗೆ 100 ತೋಟಾ, ಇನ್ನೊಂದು ಕೋವಿಗೆ 500 ಎಂಬ ಲೆಕ್ಕಾಚಾರವೂ ಆ ವಿನಾಯಿತಿಯೊಳಗೆ ಇದೆ. ಅಲ್ಲಿನ ಸಂಪ್ರದಾಯದಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿ ಹಬ್ಬದ ಕದಿರು ಕೊಯ್ಯುವಾಗಲೂ ಗುಂಡು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವಿನ ಅಲಂಕಾರ, ಪೂಜೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಇದರ ಬಗ್ಗೆ ಗಾಡಿಯ ಬಳಿ ಅಭಿಪ್ರಾಯ ಕೇಳಿ ನೋಡಿ. "ಅದು ಹೇಗೆ ಸಾರ್, ಒಬ್ಬರಿಗೆ ಒಂದು ಕಾನೂನು?" ಎಂದು ಸಮಾನತೆಯ ಮೇಲೆ ಅರ್ಧ ಗಂಟೆ ಉಪನ್ಯಾಸ. ಮಡಿಕೇರಿಯ ಮದುವೆಗೆ ಹೋದಾಗ ಅದೇ ಉಪನ್ಯಾಸಕರು ಯಜಮಾನರ ಕೋವಿ ಇಸಿದುಕೊಂಡು, ನಳಿಗೆಯನ್ನು ತಮ್ಮ ಕಾಲಿಗೇ ಗುರಿ ಮಾಡಿಕೊಂಡು, ಸ್ಟೇಟಸ್ಸಿಗೆ ಫೋಟೋ ಹಾಕುತ್ತಾರೆ.

ಕೊಡವರು ಸಾಂಪ್ರದಾಯಿಕ ಉಡುಪಿನಲ್ಲಿ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸುವುದನ್ನು ನೋಡಿ ಹುಬ್ಬೇರಿಸುವವರಿಗೆ ಇನ್ನೊಂದು ಸುದ್ದಿ: ಬ್ರಿಟನ್ನಿನಲ್ಲಿ ಸಾರ್ವಜನಿಕವಾಗಿ ಚೂರಿ ಒಯ್ದದ್ದಕ್ಕೆ ಕೆಲಸ, ಧರ್ಮ ಮತ್ತು 'ರಾಷ್ಟ್ರೀಯ ಉಡುಪು' ಒಪ್ಪಬಹುದಾದ ಕಾರಣಗಳೆಂದು 1988ರ ಕಾಯ್ದೆಯೇ ಹೇಳುತ್ತದೆ. ಸ್ಕಾಟ್‌ಲೆಂಡಿನವನು ಕಾಲುಚೀಲದೊಳಗೆ ಚೂರಿ ಸಿಕ್ಕಿಸಿಕೊಂಡರೆ ಅದು ಫ್ಯಾಷನ್ನು.

ಅಮೆರಿಕದವರದು ಬೇರೆಯೇ ಲಹರಿ. ಟೆಕ್ಸಸ್ಸಿನಲ್ಲಿ 2016ರ ಜನವರಿಯಿಂದ ಲೈಸೆನ್ಸುದಾರರು ಕೈಬಂದೂಕನ್ನು ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ಸಂತೆಗೆ ಹೋಗಬಹುದಿತ್ತು. ಆದರೆ ಕತ್ತಿ ಹಿಡಿದು ಹೋಗುವಂತಿರಲಿಲ್ಲ. ಐದೂವರೆ ಇಂಚು ಮೀರಿದ ಅಲಗಿಗೆ ಬೀದಿಯಲ್ಲಿ ಅವಕಾಶ ಸಿಕ್ಕಿದ್ದು 2017ರ ಸೆಪ್ಟೆಂಬರ್ 1ಕ್ಕೆ. ನಡುವಿನ ಆ ಅವಧಿಯಲ್ಲಿ ಆಸ್ಟಿನ್ನಿನ ಕನ್ನಡಿಗರು ಬಯಲಾಟ ಆಡಿದ್ದು, ಕೀಚಕ ನಿಜವಾದ ಕತ್ತಿ ಹಿಡಿದು ಬೀದಿಗಿಳಿದಿದ್ದರೆ ಜೈಲು. ಅದೇ ಕೀಚಕನ ಸೊಂಟದಲ್ಲಿ ಲೈಸೆನ್ಸಿನ ಪಿಸ್ತೂಲಿದ್ದಿದ್ದರೆ "ಹ್ಯಾವ್ ಎ ನೈಸ್ ಡೇ". ನ್ಯೂಯಾರ್ಕಿನಲ್ಲಿ ಬ್ರೂಸ್ ಲೀ ಸಿನಿಮಾಗಳ ಭರಾಟೆಯಲ್ಲಿ, 1974ರಲ್ಲಿ, ಸರಪಳಿ ಕಟ್ಟಿದ ಎರಡು ಕೋಲುಗಳಾದ ನಂಚಾಕುವನ್ನು ನಿಷೇಧಿಸಿದರು. ಅದು ಅಸಾಂವಿಧಾನಿಕವೆಂದು ನ್ಯಾಯಾಲಯ ಹೇಳಿದ್ದು 2018ರಲ್ಲಿ. ಅಷ್ಟರಲ್ಲಿ ಅದನ್ನು ಬೀಸುವ ಆಸೆಯಿದ್ದ ಹುಡುಗರ ಭುಜಗಳಿಗೆ ವಾತ ಹಿಡಿದಿತ್ತು.

ನಮ್ಮ ತೆಂಗಿನಕಾಯಿಯೂ ಈ ನಿಷೇಧಗಳ ಪಟ್ಟಿಯಲ್ಲಿ ಇದೆ ಎಂದರೆ ನಂಬುತ್ತೀರಾ? ಉರಿಯುವ ವಸ್ತು ಎಂಬ ಕಾರಣಕ್ಕೆ ವಿಮಾನದ ಕ್ಯಾಬಿನ್ನಿಗೆ ಅದಕ್ಕೆ ಪ್ರವೇಶವಿಲ್ಲ. ಆದರೆ ಅಯ್ಯಪ್ಪನ ಇರುಮುಡಿಯಲ್ಲಿ ತೆಂಗಿನಕಾಯಿ ಇಲ್ಲದೆ ಆಗುತ್ತದೆಯೇ? ಹಾಗಾಗಿ 2022ರಲ್ಲಿ, ಮತ್ತೆ 2024ರಲ್ಲಿ, ಶಬರಿಮಲೆ ಯಾತ್ರೆಯ ಋತುವಿಗೆಂದು ಜನವರಿ 20ರವರೆಗೆ ಅನುಮತಿ ಕೊಟ್ಟರು. ಜನವರಿ 20ಕ್ಕೆ ಭಕ್ತಿಯ ಸಾಮಾನಾಗಿದ್ದ ಕಾಯಿ 21ಕ್ಕೆ ಭದ್ರತೆಯ ಸಮಸ್ಯೆ. ಕಾಯಿ ಅದೇ, ಜುಟ್ಟೂ ಅದೇ.

ಮೆಣಸಿನಕಾಯಿಯ ಕತೆ ಇನ್ನೂ ಖಾರ. ಹೆಣ್ಣುಮಕ್ಕಳ ಕೈಚೀಲದಲ್ಲಿ ಪೆಪ್ಪರ್ ಸ್ಪ್ರೇ ಇದ್ದರೆ ಆತ್ಮರಕ್ಷಣೆ, ಸರಿಯೇ. ಆದರೆ 2014ರ ಫೆಬ್ರವರಿಯಲ್ಲಿ ತೆಲಂಗಾಣ ಮಸೂದೆ ಮಂಡನೆಯ ಹೊತ್ತಿಗೆ ವಿಜಯವಾಡದ ಸಂಸದರು ಅದನ್ನು ಲೋಕಸಭೆಯಲ್ಲೇ ಸಿಂಪಡಿಸಿದರು. ಗುಂಟೂರಿನ ನೆರೆಯವರು, ಕೈ ಸುಮ್ಮನಿರಲಿಲ್ಲ. ಅದಕ್ಕೆ ಅವರು ಕೊಟ್ಟ ಸಮರ್ಥನೆಯೂ ಆತ್ಮರಕ್ಷಣೆಯೇ! ಬ್ಯಾಡಗಿಯ ನಾವು ಬಣ್ಣಕ್ಕಷ್ಟೇ ಹೆಸರಾದವರು ಎಂದು ಬೀಗುವ ಹಾಗೂ ಇಲ್ಲ. ಬೆಂಗಳೂರಿನ ಪ್ರಕರಣವೊಂದರಲ್ಲಿ 2024ರಲ್ಲಿ ನಮ್ಮ ಹೈಕೋರ್ಟು ಪೆಪ್ಪರ್ ಸ್ಪ್ರೇ ಮೇಲ್ನೋಟಕ್ಕೆ ಅಪಾಯಕಾರಿ ಆಯುಧವೇ ಎಂದಿತು.

ತಂತ್ರಜ್ಞಾನದ ಮಾತಿಗೆ ಬಂದರೆ ಸಾಫ್ಟ್‌ವೇರ್ ಹುಡುಗನಿಗೆ ಮೈಯೆಲ್ಲ ಬಾಯಿ. ಆಯುಧಪೂಜೆಯ ದಿನ ಅವನ ಮನೆಗೆ ಹೋಗಿ ನೋಡಿ, ಲ್ಯಾಪ್‌ಟಾಪು, ವೈಫೈ ಪೆಟ್ಟಿಗೆ, ಮೊಬೈಲು ಎಲ್ಲಕ್ಕೂ ಅರಿಶಿನ ಕುಂಕುಮ. ಅವನು ತಾರಸಿಯಿಂದ ಡ್ರೋನ್ ಹಾರಿಸಿದರೆ ಹವ್ಯಾಸ. 250 ಗ್ರಾಮಿಗಿಂತ ಕಡಿಮೆ ತೂಕವಿದ್ದರೆ ಪೈಲಟ್ ಲೈಸೆನ್ಸೂ ಬೇಡವೆಂದು 2021ರ ಡ್ರೋನ್ ನಿಯಮಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ. ಎದುರುಮನೆಯವರ ಡ್ರೋನ್ ಇವನ ಹಿತ್ತಲಿನ ಮೇಲೆ ಗುಂಯ್‌ಗುಟ್ಟಿದ ದಿನ ಮಾತ್ರ ಅದು ಗೂಢಚರ್ಯೆ, ದೇಶದ ಭದ್ರತೆಗೆ ಧಕ್ಕೆ. ಮ್ಯಾನೇಜರು ದಿನಕ್ಕೆ ನಾಲ್ಕು ತಾಸು ಫೋನು ನೋಡುವುದು ಸುದ್ದಿ ತಿಳಿಯಲು, ಮೊಮ್ಮಗ ನೋಡಿದರೆ ಚಟ. ಅವರು ಕಳಿಸಿದ್ದು ಜಾಗೃತಿ ಸಂದೇಶ, ಅವರ ಬೀಗರು ಕಳಿಸಿದ್ದು ಸುಳ್ಳು ಸುದ್ದಿ. ಎರಡೂ ಒಂದೇ ಸಂದೇಶ ಎಂದು ಇಬ್ಬರಿಗೂ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಇಲ್ಲಿ ನಗು ಸ್ವಲ್ಪ ನಿಲ್ಲಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಹೈದರಾಬಾದಿನ ಕಡೆಯವರನ್ನು ಮಕ್ಕಳ ಕಳ್ಳರೆಂದು ಬಗೆದು ಮುರ್ಕಿಯಲ್ಲಿ ಗುಂಪು ಹೊಡೆಯಿತು, ಒಬ್ಬ ಯುವಕ ಸತ್ತ. ಅವರ ಕಾರಿಗಿಂತ ಮುಂಚೆ ಊರು ತಲುಪಿದ್ದು ಫೋನಿನಲ್ಲಿ ಓಡಿದ ಮಾತು. ಅದನ್ನು ಮುಂದೆ ದಾಟಿಸಿದವರಲ್ಲಿ ಒಬ್ಬರಿಗೂ ತಾವು ಆಯುಧ ಹಿಡಿದಿದ್ದೇವೆ ಅನ್ನಿಸಿರಲಾರದು, ಊರಿಗೆ ಎಚ್ಚರಿಕೆ ಕೊಡುತ್ತಿದ್ದೇವೆ ಅನ್ನಿಸಿರಬೇಕು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. ಕೊಡಗಿನ ರೈಫಲ್ಲಿಗೆ 100 ತೋಟಾ, ಫೋನಿಗೆ ಐದು. ಯಾವುದು ಹೆಚ್ಚು ಅಪಾಯವೆಂದು ಲೆಕ್ಕ ಹಾಕಿದವರಿಗೆ ಗೊತ್ತಿತ್ತು ಅನ್ನಿಸುತ್ತದೆ.

ಚುನಾವಣೆ ಬಂತೆಂದರೆ ಇನ್ನೊಂದು ತಮಾಷೆ. ಲೈಸೆನ್ಸ್ ಇರುವವರು ಕೋವಿಯನ್ನು ಠಾಣೆಗೆ ಒಪ್ಪಿಸಿ ಬನ್ನಿ ಎಂದು ಆದೇಶ ಹೊರಡುತ್ತದೆ. ಮಲೆನಾಡು, ಕರಾವಳಿಯ ರೈತರು ಬೆಳೆ ಕಾಯಲೆಂದು ಇಟ್ಟುಕೊಂಡ ಕೋವಿಗಳೂ ಇದರಲ್ಲಿ ಸೇರಿ, ಪ್ರತಿ ಸಲವೂ ಅದೇ ಗೋಳು. ನೀತಿ ಸಂಹಿತೆ ಅಭ್ಯರ್ಥಿಗಳಿಗೆ ಅನ್ವಯಿಸುತ್ತದೆ, ಕಾಡುಹಂದಿಗೆ ಅನ್ವಯಿಸುವುದಿಲ್ಲ. ಹಂದಿಗಳಿಗೆ ಇದು ಹೇಗೋ ತಿಳಿದುಬಿಡುತ್ತದೆ. ಅಡಿಕೆ ತೋಟಕ್ಕೆ ರಾತ್ರಿ ನುಗ್ಗಿ ಪ್ರಚಾರ ಮುಗಿಸಿಕೊಂಡು ಹೋಗುತ್ತವೆ. ಮತ್ತೆ ವೇದಿಕೆಯ ಮೇಲೆ ಮುಖಂಡರಿಗೆ ಬೆಳ್ಳಿ ಖಡ್ಗ ಕೊಡುವುದಕ್ಕೆ ಬಿಡುವು ಬೇಡವಲ್ಲ!

ಈ ಎಲ್ಲ ಜಂಜಾಟಕ್ಕೆ ಮಾದರಿ ಪರಿಹಾರ ಹುಡುಕಿದವರು ಅಮೆರಿಕದ ಜಾರ್ಜಿಯಾದ ಕೆನೆಸಾ ಊರಿನವರು. 1981ರಲ್ಲಿ ಇಲಿನಾಯ್ ರಾಜ್ಯದ ಮಾರ್ಟನ್ ಗ್ರೋವ್ ಎಂಬ ಊರು ಕೈಬಂದೂಕನ್ನೇ ನಿಷೇಧಿಸಿತು. ಅದಕ್ಕೆ ಸೆಡ್ಡು ಹೊಡೆದು 1982ರಲ್ಲಿ ಕೆನೆಸಾ, ಪ್ರತಿ ಮನೆಯ ಯಜಮಾನನೂ ಬಂದೂಕು ಇಟ್ಟುಕೊಳ್ಳಲೇಬೇಕು ಎಂದು ಕಾನೂನು ಮಾಡಿತು. ಆಮೇಲೆ ಅದರೊಳಗೇ ಒಂದು ಸಾಲು: ಕೊಳ್ಳಲಾಗದ ಬಡವರಿಗೆ, ಅಂಗವೈಕಲ್ಯ ಇರುವವರಿಗೆ, ಮನಸ್ಸಾಕ್ಷಿ ಅಥವಾ ಧರ್ಮ ಒಪ್ಪದವರಿಗೆ ವಿನಾಯಿತಿ. ಅಂದರೆ ಬೇಕಾದವರು ಇಟ್ಟುಕೊಳ್ಳಲೇಬೇಕು, ಬೇಡವಾದವರಿಗೆ ಬೇಡ. ಎರಡೂ ಪಕ್ಷದವರಿಗೂ ಗೆಲುವು, ಕಾನೂನಿಗೂ ಕೆಲಸವಿಲ್ಲ.

ವಕೀಲರು ಇದನ್ನು ಕೇಳಿ ಸ್ಫೂರ್ತಿಗೊಂಡು, ಆಯುಧ, ಮೊಬೈಲು, ರಾಜಕೀಯ ಭಾಷಣ ಮೂರನ್ನೂ ಒಟ್ಟಿಗೇ ಹಿಡಿತಕ್ಕೆ ತರುವ ಒಂದೇ ವಾಕ್ಯದ ಕರಡು ಮಸೂದೆ ತಯಾರಿಸಿದ್ದಾರೆ: "ಈ ಕಾಯ್ದೆಯು, ಇದನ್ನು ಓದುತ್ತಿರುವವರನ್ನು ಹೊರತುಪಡಿಸಿ, ದೇಶದ ಉಳಿದೆಲ್ಲರಿಗೂ ಕಟ್ಟುನಿಟ್ಟಾಗಿ ಅನ್ವಯಿಸತಕ್ಕದ್ದು." ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ ಮಸೂದೆ ಚರ್ಚೆಯಿಲ್ಲದೆ ಪಾಸಾಗುವಂಥದ್ದು. ಅದೂ ಪ್ರತಿಪಕ್ಷದವರು ಮೇಜು ಕುಟ್ಟಿ ಸ್ವಾಗತಿಸಿ.