ಹಲ್ಲು ಎಣಿಸಬ್ಯಾಡೋ ತಮ್ಮಾ!

ಬೈಲಹೊಂಗಲದ ಒಂದು ಮೋಡಕಾ ಅಂಗಡಿ. ತುಕ್ಕು ಹಿಡಿದ ಕುಂಟೆ, ತಳ ಹೋದ ಕೊಡ, ರೆಕ್ಕೆಯಿಲ್ಲದ ಫ್ಯಾನು. ಅವುಗಳ ನಡುವೆ ದಪ್ಪನೆಯ ಟೈಪ್‌ರೈಟರಿನಂಥ ಒಂದು ಪೆಟ್ಟಿಗೆ. ಬಿಳಿ ಬಣ್ಣ ಹೋಗಿ ಚಹಾದ ಬಣ್ಣಕ್ಕೆ ತಿರುಗಿತ್ತು. ಹಣೆಯ ಮೇಲೆ ಚುಕ್ಕಿಗಳಲ್ಲಿ ಬಿಡಿಸಿದ ಗೂಬೆ. ಬಿಬಿಸಿ ಮೈಕ್ರೋ! ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಗೃಹ ಕಂಪ್ಯೂಟರು. ಹಳೆಯ ಕಂಪ್ಯೂಟರ್ ಕೂಡಿಡುವ ಹುಚ್ಚು ಹತ್ತಿಸಿಕೊಂಡು ಬೆಂಗಳೂರಿನಿಂದ ಬಸ್ಸು ಹತ್ತಿದ್ದ ನನಗೆ ಬೇರೇನು ಬೇಕು? ಅಂಗಡಿಯವನು ಊಟಕ್ಕೆ ಹೋಗಿದ್ದ. ಅವನು ಬರುವತನಕ ಪೆಟ್ಟಿಗೆಯನ್ನೇ ಮಾತಿಗೆಳೆದೆ.

ನಾನು: ಅಜ್ಜಾ, ನಮಸ್ಕಾರ. ಇಂಗ್ಲೆಂಡಿನವರು ನೀವು, ಈ ಸೀಮೆಗೆ ಬಂದದ್ದು ಹೇಗೆ?

ಅಜ್ಜ: ಇಂಗ್ಲೆಂಡಿನವರಾಗ ನಾನ ಮೊದಲನೇದವ ಏನಲ್ಲ ಬಿಡು. 1824ರಾಗ ಥ್ಯಾಕರೆ ಸಾಹೇಬ ಕಿತ್ತೂರಿಗೆ ಬಂದಿದ್ದ, ಚೆನ್ನಮ್ಮನ ಖಜಾನಿಗೆ ಸೀಲು ಹಾಕಾಕ. ಅವ ತಿರುಗಿ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅವಗ ಗುಂಡು ಹೊಡದ್ರು, ನನಗ ಕೀಲಿ ಹಾಕಿದ್ರು. ವ್ಯತ್ಯಾಸ ಅಷ್ಟ.

ನಾನು: ಕೀಲಿ ಹಾಕಿದವರು ಯಾರು?

ಅಜ್ಜ: 1984-85ರಾಗ ಕೇಂದ್ರ ಸರಕಾರ ‘ಕ್ಲಾಸ್’ ಅನ್ನೋ ಯೋಜನಾ ತಂತು, ಸಾಲಿ ಹುಡುಗರಿಗೆ ಕಂಪ್ಯೂಟರ್ ಪರಿಚಯ ಮಾಡಸಾಕ. ಮೊದಲ ವರ್ಷ ದೇಶದಾಗ ಸುಮಾರು 250 ಸಾಲಿ. ಅವಕ್ಕ ಆರಿಸಿದ್ದು ನಮ್ಮ ವಂಶದವರನ್ನ. ಮುಂದ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನಾಗ ನನ್ನ ತಮ್ಮಂದಿರು ತಯಾರಾದ್ರು. ಅವರಿಗೆ ಯೂನಿಕಾರ್ನ್ ಅಂತ ಹೆಸರಿಟ್ರು, ಒಂಟಿ ಕೊಂಬಿನ ಕುದರಿ. ನಮ್ಮ ದನದ ಸಂತ್ಯಾಗ ಒಂಟಿ ಕೊಂಬಿಂದಕ್ಕ ಯಾರೂ ಸಂಚಕಾರ ಕೊಡಂಗಿಲ್ಲ ಅನ್ನೋದು ಆ ದಿಲ್ಲಿಯವರಿಗೆ ಗೊತ್ತಿರಲಿಲ್ಲ. ನಾ ಯಾವ ಸಾಲಿಗೆ ಬಂದೆ ಅಂತ ಮಾತ್ರ ಕೇಳಬ್ಯಾಡ. ಉಂಡ ಮನಿ ಜಂತಿ ಎಣಿಸಬಾರದು.

ನಾನು: ಆ ಶಾಲೆಯಲ್ಲಿ ಏನೇನು ಕಲಿಸಿದಿರಿ?

ಅಜ್ಜ: ಕಾಯಿ ಒಡದ್ರು, ಕುಂಕುಮ ಹಚ್ಚಿದ್ರು, ಮ್ಯಾಲ ಅರಿವಿ ಹೊಚ್ಚಿದ್ರು. ಚಪ್ಪಲಿ ಹೊರಗ ಬಿಟ್ಟು ಬರಬೇಕು. ಆಯುಧಪೂಜಿಗೆ ವರ್ಷಕ್ಕೊಮ್ಮೆ ದರ್ಶನ. ಹುಡುಗರು ಕೈ ಮುಗಿಯೋದು ಕಲತ್ರು.

ನಾನು: ಒಮ್ಮೆಯೂ ಹಚ್ಚಲೇ ಇಲ್ಲವೆ?

ಅಜ್ಜ: ಹಚ್ಚಾಕ ನನಗ ಸ್ವಂತ ಪರದೆ ಎಲ್ಲೈತಿ? ಟೀವಿ ಬೇಕು. 1987ರಾಗ ರವಿವಾರ ಮುಂಜಾನಿ ರಾಮಾಯಣ ಚಾಲೂ ಆತು, ನನ್ನ ಟೀವಿ ಹೆಡ್‌ಮಾಸ್ತರ ಮನಿಗೆ ರಿಪೇರಿಗಂತ ಹೋತು. ರಾಮ ವನವಾಸ ಮುಗಿಸಿ ಬಂದ, ಟೀವಿ ಬರಲಿಲ್ಲ. ಪ್ರೋಗ್ರಾಂ ತುಂಬಾಕ ಟೇಪ್ ರೆಕಾರ್ಡರ್ ಇತ್ತು. ಭರತ ಹುಣ್ಣಿವಿಗೆ ಯಾರೋ ಅದನ್ನ ಚಕ್ಕಡ್ಯಾಗ ಇಟಗೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋದ್ರು. ‘ಉಧೋ ಉಧೋ’ ಅನ್ನೋ ಗದ್ದಲದಾಗ ಅದೂ ಕಳೀತು. ಉಳಿದಿದ್ದು ಒಂದು ಕ್ಯಾಸೆಟ್. ಅದರ ಮ್ಯಾಲ ಸಂಗ್ಯಾ-ಬಾಳ್ಯಾ ಸಣ್ಣಾಟ ತುಂಬಿಸಿಟ್ಟಿದ್ರು. ಊರ ಕತಿ, ಕಣ್ಣಾಗ ನೀರು ಬಂತು. ಪ್ರೋಗ್ರಾಂ ಬರಲಿಲ್ಲ.

ನಾನು: (ಹಿಗ್ಗಿ) ಹಾಗಾದರೆ ನಿಮ್ಮನ್ನು ಯಾರೂ ಮುಟ್ಟೇ ಇಲ್ಲ! ಸಂಗ್ರಹಕಾರರ ಭಾಷೆಯಲ್ಲಿ ಇದು ‘ಮಿಂಟ್ ಕಂಡೀಷನ್’!

ಅಜ್ಜ: ಮಿಸ್ಟೇಕ್.

ನಾನು: ಏನಂದಿರಿ?

ಅಜ್ಜ: ನಮ್ಮ ಬೇಸಿಕ್ ಅನ್ನೋ ಪ್ರೋಗ್ರಾಂ ಭಾಷಾದಾಗ ಅರ್ಥ ಆಗದ ಮಾತು ಟೈಪ್ ಮಾಡಿದ್ರ ಬರೋ ಉತ್ತರ ಅದು. ಓದಿಸಲಾರದ ಪುಸ್ತಕಕ್ಕ, ಹೂಡಲಾರದ ಎತ್ತಿಗೆ ಹೆಚ್ಚಿನ ಕಿಮ್ಮತ್ತು ಕಟ್ಟೋದು ಯಾವ ಊರ ನ್ಯಾಯ? ಸಾಲ್ಯಾಗ ಅದಕ್ಕ ನಿರ್ಲಕ್ಷ್ಯ ಅಂತಿದ್ರು. ನೀವು ಅದಕ್ಕ ಇಂಗ್ಲಿಷ್ ಹೆಸರಿಟ್ಟು ರೊಕ್ಕ ಕೊಡ್ತೀರಿ.

(ನಾನು ಸುಮ್ಮನೆ ಕೀಲಿಮಣೆಯತ್ತ ಬಗ್ಗಿದೆ. ಮೇಲಿನ ಸಾಲಿನ ಹತ್ತು ಕೆಂಪು ಗುಂಡಿಗಳಲ್ಲಿ ಒಂದು ಇರಲಿಲ್ಲ.)

ಅಜ್ಜ: ಹಲ್ಲು ಎಣಿಸಬ್ಯಾಡೋ ತಮ್ಮಾ! ದನದ ದಲಾಲನೂ ಮೊದಲು ಬಾಯಿ ತಗಸ್ತಾನ, ಆಮ್ಯಾಲ ಸುಳಿ ನೋಡ್ತಾನ, ಕಡೀಕ ಟಾವೆಲ್ ಕೆಳಗ ಬೆರಳು ಹಿಡೀತಾನ. ನಿಮ್ಮದೂ ಹಂಗ. ಪೆಟ್ಟಿಗಿ ಐತೇನು, ಕೈಪಿಡಿ ಐತೇನು, ವೈರು ಅದೇನ?

ನಾನು: ಮೌಲ್ಯ ಕಟ್ಟಲು ಅದೆಲ್ಲ ಬೇಕಾಗುತ್ತದೆ, ಅಜ್ಜ. ಜೊತೆಗೆ ಎಷ್ಟು ಅಪರೂಪ ಎನ್ನುವುದೂ.

ಅಜ್ಜ: ಹೌದು, ಅಪರೂಪ! 1976ರಾಗ ಆಪಲ್-1 ಅಂತ ಬಂತು, 666 ಡಾಲರ್ 66 ಸೆಂಟ್‌ಗೆ. ಮಾಡಿದ್ದು ಸುಮಾರು ಇನ್ನೂರು. 2014ರ ಹರಾಜಿನಾಗ ಒಂದಕ್ಕ 9 ಲಕ್ಷ 5 ಸಾವಿರ ಡಾಲರ್ ಬಂತು. ನಾವು ಹದಿನೈದು ಲಕ್ಷ ಮಂದಿ ಅಣ್ಣತಮ್ಮಂದಿರು. ತುಂಬಿದ ಮನ್ಯಾಗ ಹುಟ್ಟಿದವರಿಗೆ ಕಿಮ್ಮತ್ತು ಎಲ್ಲಿಂದ ಬರಬೇಕು?

ನಾನು: ಇರಲಿ, ಒಮ್ಮೆ ಪ್ಲಗ್ಗಿಗೆ ಹಾಕಿ ನೋಡಲೇ?

ಅಜ್ಜ: ಏ, ಕೈ ತಗೀ! ಮುವ್ವತ್ತು ವರ್ಷ ಮಲಗಿದವನ್ನ ಹಂಗ ಒದ್ದು ಎಬ್ಬಿಸ್ತಾರೇನು? ನನ್ನ ಪವರ್ ಸಪ್ಲೈಯಾಗ, ಕರೆಂಟು ಒಳಗ ಬರೋ ಬಾಗಿಲಾಗ, ಕಾಗದದ ಕೆಪಾಸಿಟರ್ ಅದಾವ. ವರ್ಷ ಕಳದಂಗ ಅವುಗಳ ಕವಚ ಬಿರಕು ಬಿಟ್ಟು ತಂಪು ಹೀರತಾವ. ಹಚ್ಚಿದ ಸ್ವಲ್ಪ ಹೊತ್ತಿಗೆ ಢಬ್ ಅಂತ ಒಡದು, ನಾರೋ ಹೊಗಿ ಮನಿ ತುಂಬ್ತೈತಿ. ನೋಡಿದವರು ಕಂಪ್ಯೂಟರ್ ಸತ್ತತು ಅಂತಾರ. ಸತ್ತಿರೋದು ಆ ಬಿಡಿಭಾಗ, ನಾನಲ್ಲ. ಹೊಸಾವು ಒಂದು ಊಟದ ರೊಕ್ಕದಾಗ ಸಿಗತಾವ. ಆದರ ಹಣಿ ಮ್ಯಾಲ ಗೂಬಿ ಇಟಗೊಂಡು ಬಂದವ ನಾನು, ತಪ್ಪು ಯಾರದಾದ್ರೂ ಗೂಬಿ ಕೂಡ್ರೋದು ನನ್ನ ಮ್ಯಾಲ.

ನಾನು: ಬಣ್ಣವನ್ನೂ ತಿದ್ದಿಸುತ್ತೇನೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬಿಳಿಯಾಗುತ್ತೀರಿ.

ಅಜ್ಜ: ಪಾರ್ಲರಿನಾಗ ಕೂದಲಿಗೆ ಹಚ್ಚೋದು ಅದಲ್ಲೇನು? ಬೆಂಕಿ ಹತ್ತಬಾರದಂತ ಈ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಬೆರಸ್ಯಾರ, ಬೆಳಕು ಬಡದು ಹಳದಿ ಆಗೇನಿ. ನೀ ತೊಳದು ಬಿಳಿ ಮಾಡಿದ್ರೂ ಕೆಲವು ವರ್ಷಕ್ಕ ಮತ್ತ ಹಳದಿ. ಕಿತ್ತೂರ ಕೋಟಿ ನೋಡಿ ಬಂದೀಯೇನು? ಬಿದ್ದ ಗೋಡಿ ಬಿದ್ದಂಗ ಐತಿ, ಅದಕ್ಕ ಮಂದಿ ನಿಂತು ನೋಡ್ತಾರ. ಟೈಲ್ಸ್ ಹಚ್ಚಿದ್ರ ಲಗ್ನದ ಹಾಲ್ ಅಂತ ತಿಳದು ಬಾಡಿಗಿ ಕೇಳ್ತಾರ. ಒಳಗ ರಿಪೇರಿ ಮಾಡು, ಹೊರಗ ಒರಸು, ಸಾಕು.

ನಾನು: ಕಡೆಯ ಪ್ರಶ್ನೆ, ಅಜ್ಜ. ಎಡಗಡೆಯ ಈ ‘ವಿ’ ಗುಂಡಿ ಮಾತ್ರ ಸವೆದಿದೆಯಲ್ಲ? ಇದರಿಂದ ಬೆಲೆ ಕಡಿಮೆಯಾಗುತ್ತದೆ.

ಅಜ್ಜ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದೊಂದು ವರ್ಷ ಗಣಿತದ ಮಾಸ್ತರೊಬ್ಬರು ಬಂದಿದ್ರು, ಸಂಜಿ ಹೊತ್ತು ಕೀಲಿ ತಗೀತಿದ್ರು, ತಮ್ಮ ಮನಿ ಟೀವಿ ತರತಿದ್ರು. ಒಬ್ಬಾಕಿ ಹುಡುಗಿ ಬರತಿದ್ದಳು, ರಾಮದುರ್ಗದ ನೇಕಾರರ ಮಗಳು. ನನ್ನೊಳಗ ಕನ್ನಡ ಇರಲಿಲ್ಲ. ಆದರ ‘ವಿಡಿಯು 23’ ಅಂತ ಬರದು ಎಂಟು ಅಂಕಿ ಕೊಟ್ರ, ಎಂಟು ಚುಕ್ಕಿ ಎಂಟು ಸಾಲಿನಾಗ ಬೇಕಾದ ಅಕ್ಷರ ಮಾಡಬಹುದಿತ್ತು. ದೊಡ್ಡವರಿಗೆ ಇದು ತಲಿಗೆ ಹೋಗಲಿಲ್ಲ. ಆಕಿಗೆ ಹೋತು. ಚುಕ್ಕಿ ರಂಗೋಲಿ ಹಾಕಿದ ಕೈ, ಸೆರಗಿನ ನಕ್ಷಾ ಚೌಕುಳಿ ಹಾಳ್ಯಾಗ ಬರದದ್ದು ನೋಡಿದ ಕಣ್ಣು. ತೂತಿನ ಪಟ್ಟಿ ನೋಡಿ ನೇಯೋ ಮಗ್ಗ ಜಕಾರ್ಡ್ ಅನ್ನವ 1804ರಾಗ ಮಾಡಿದ್ದು, ಅದು ನನ್ನ ಮುತ್ತಜ್ಜ. ಹಿಂಗಾಗಿ ಆಕಿ ನನಗ ಬಳಗ. ಬರದು ಅಳಸಿ, ಬರದು ಅಳಸಿ, ಒಂದು ಸಂಜಿ ಪರದೆ ಮ್ಯಾಲ ‘ಅ’ ಮೂಡಿಸಿದಳು.

ನಾನು: ಅದನ್ನು ಉಳಿಸಿಟ್ಟಿರಾ?

ಅಜ್ಜ: ಎಲ್ಲಿ ಉಳಸಲಿ? ಟೇಪ್ ರೆಕಾರ್ಡರ್ ಗುಡ್ಡಕ್ಕ ಹೋಗಿತ್ತಲ್ಲ. ಕರೆಂಟು ಹೋತು, ‘ಅ’ನೂ ಹೋತು. ಮರುವರ್ಷ ಮಾಸ್ತರ ವರ್ಗಾ ಆದ್ರು, ಮತ್ತ ಕೀಲಿ. ಉಳದದ್ದು ಈ ಸವದ ಗುಂಡಿ ಒಂದ. ಅದಕ್ಕ ನೀ ಬೆಲಿ ಕಡಿಮಿ ಅಂತಿ.

ಅಷ್ಟರಲ್ಲಿ ಅಂಗಡಿಯವನು ಬಂದ. ನನ್ನ ಕಣ್ಣಿನ ಆಸೆ ನೋಡಿದವನೇ ತಕ್ಕಡಿ ಬದಿಗಿಟ್ಟು ಕಿಸೆಯಿಂದ ಫೋನ್ ತೆಗೆದ. “ಇದು ಆಂಟಿಕ್ ಐತ್ರಿ ಸರ್, ತಡ್ರಿ, ರೇಟ್ ನೋಡ್ತೀನಿ.”

ಅಜ್ಜ ನಕ್ಕ. “ಅವನ ಕೈಯಾಗಿರೋದು ಯಾರು ಗೊತ್ತೇನು? 1985ರಾಗ ಏಕಾರ್ನ್ ಮಂದಿ ಆರ್ಮ್ ಪ್ರೊಸೆಸರ್ ಮಾಡಿದ್ರು. ತಯಾರಾಗೋ ಮೊದಲು ಅದರ ಲೆಕ್ಕಾಚಾರ ನೋಡಿದ್ದು ನಮ್ಮಂಥ ಬಿಬಿಸಿ ಮೈಕ್ರೋಗಳ ಮ್ಯಾಲ. ಇವತ್ತು ಎಲ್ಲರ ಫೋನಿನಾಗ ಇರೋದು ಆ ಕುಡಿ. ಮೊಮ್ಮಗ ಅಜ್ಜನ ರೇಟ್ ಹುಡಕಾಕ ಹತ್ಯಾನ!”

ಚೌಕಾಶಿ ಮಾಡದೆ ಕೇಳಿದಷ್ಟು ಕೊಟ್ಟು ತಂದೆ. ಕೆಪಾಸಿಟರ್ ಬದಲಿಸಿದ್ದೇನೆ, ಸಾಕೆಟ್ಟಿನಲ್ಲಿ ಸಡಿಲವಾಗಿದ್ದ ಚಿಪ್ಪುಗಳನ್ನು ಒತ್ತಿ ಕೂರಿಸಿದ್ದೇನೆ. ‘ವಿ’ ಗುಂಡಿಗೆ ಕೈ ಹಚ್ಚಿಲ್ಲ. ನಿಮ್ಮೂರ ಶಾಲೆಯ ಅಟ್ಟದಲ್ಲಿಯೂ ಇಂಥ ಅಜ್ಜ ಒಬ್ಬ ಮಲಗಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ, ಗಾಜಿನ ಪೆಟ್ಟಿಗೆಯಲ್ಲೂ ಇಡಬೇಡಿ. ರಿಪೇರಿ ಮಾಡಿಸಿ, ಒಂದು ಟೀವಿ ಜೋಡಿಸಿ, ಕೋಣೆಯ ಕೀಲಿಯನ್ನು ಮಕ್ಕಳ ಕೈಗೆ ಕೊಡಿ.