ಡಿಸೆಂಬರ್ 31ರವರಿಗೆ ಹದಿನಾರಿನಿಂದ ಒಂದು ಅರ್ಜಿ

ಇವರಿಂದ: ಒಬ್ಬ ಮತದಾರ, ಹದಿನಾರು ಗ್ರಾಮ, ನಂಜನಗೂಡು ತಾಲ್ಲೂಕು, ಮೈಸೂರು ಜಿಲ್ಲೆ.

ಇವರಿಗೆ: ಶ್ರೀಮಾನ್ ಡಿಸೆಂಬರ್ 31ನೇ ತಾರೀಕಿನವರು, ಮೊಕ್ಕಾಂ ವರ್ಷದ ಕೊನೆ.

ವಿಷಯ: ಜೈಲಿನಲ್ಲಿರುವವರ ತಲೆ ಲೆಕ್ಕದ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಅರ್ಜಿಯನ್ನು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಬರೆಯಬೇಕೆಂದಿದ್ದೆ. ವಿಚಾರಿಸಿದರೆ ಅವರು ಬಂದ ಲೆಕ್ಕವನ್ನು ಜೋಡಿಸಿ ಅಚ್ಚು ಹಾಕುವವರಂತೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜೈಲು ರಾಜ್ಯದ ಪಾಲಿಗೆ ಬಂದಿದೆ. ಬೆಂಗಳೂರಿಗೆ ಹೋದರೆ ಪುಸ್ತಕ ತರುವವರು ದೆಹಲಿಯವರಲ್ಲವೇ ಅನ್ನುತ್ತಾರೆ. ಎರಡು ಊರಿನ ಟಪಾಲು ಖರ್ಚು ಯಾಕೆಂದು ನೇರವಾಗಿ ತಮಗೇ ಬರೆಯುತ್ತಿದ್ದೇನೆ. 1995ರಿಂದ ಬರುತ್ತಿರುವ ಕಾರಾಗೃಹ ಅಂಕಿಅಂಶಗಳ ಪುಸ್ತಕದಲ್ಲಿ ಮಂತ್ರಿಗಳು ಬದಲಾದರು, ನಿರ್ದೇಶಕರು ಬದಲಾದರು, ಬದಲಾಗದೆ ನಿಂತವರು ತಾವೊಬ್ಬರೇ. ಕೋಷ್ಟಕದ ನೆತ್ತಿಯ ಮೇಲೆ ಯಾವಾಗಲೂ ಅದೇ ಒಕ್ಕಣೆ: ಡಿಸೆಂಬರ್ 31ಕ್ಕೆ ಇದ್ದಂತೆ.

ಅಂಕಿಯನ್ನೇ ಹೆಸರಾಗಿಟ್ಟುಕೊಂಡ ಊರಿನವನು ನಾನು. ಅಷ್ಟರ ಮಟ್ಟಿಗೆ ಅರ್ಜಿ ಹಾಕುವ ಹಕ್ಕಿದೆ ಎಂದುಕೊಂಡಿದ್ದೇನೆ. ಮೈಸೂರು ಅರಸರ ಕಥೆ ಶುರುವಾಗುವುದೂ ನಮ್ಮಲ್ಲಿಂದಲೇ. 1399ರಲ್ಲಿ ಯದುರಾಯರು ಬಂದು, ಹದಿನಾಡಿನ, ಅಂದರೆ ನಮ್ಮೂರಿನ, ರಾಜಕುಮಾರಿಯನ್ನು ಕಾಡುತ್ತಿದ್ದ ಕಾರುಗಹಳ್ಳಿಯ ಮಾರನಾಯಕನನ್ನು ಮುಗಿಸಿದರೆಂದು ಐತಿಹ್ಯ. ಎಫ್‌ಐಆರ್ ಇಲ್ಲ, ರಿಮ್ಯಾಂಡ್ ಇಲ್ಲ, ವಾಯಿದೆ ಇಲ್ಲ. ಆ ವಿಧಾನವನ್ನು ನಾನು ಶಿಫಾರಸು ಮಾಡುತ್ತಿಲ್ಲ ಸ್ವಾಮಿ. ವಿಚಾರಣೆಗೆ ಕಾಯುತ್ತಾ ಕೂತವರ ಸಂಖ್ಯೆ ಆ ವರ್ಷ ಸೊನ್ನೆ ಇದ್ದಿರಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಮೊದಲು ಅಭಿನಂದನೆ. ಗೋಡೆಯ ಹೊರಗಿರುವ ನಮ್ಮನ್ನು ಜನಗಣತಿಯವರು ಕೊನೆಗೆ ಎಣಿಸಿದ್ದು 2011ರಲ್ಲಿ. 2021ರದ್ದು ಮುಂದಕ್ಕೆ ಹೋಗಿ ಹೋಗಿ 2027ಕ್ಕೆ ಬಂದು ನಿಂತಿದೆ. ಗೋಡೆಯ ಒಳಗಿರುವವರಿಗೆ ಆ ಅನಾಥ ಸ್ಥಿತಿ ಇಲ್ಲ. ಅವರ ವಯಸ್ಸು, ಓದು, ಧರ್ಮ, ಜಾತಿ, ಯಾವ ಕಲಮು, ಒಳಗೆ ಎಷ್ಟು ತಿಂಗಳು, ಎಲ್ಲಕ್ಕೂ ಕಾಲಂ ಉಂಟು. ಈ ದೇಶದಲ್ಲಿ ಸರ್ಕಾರದ ನಿರಂತರ ಗಮನ ಬೇಕೆನ್ನುವವನು ಏನು ಮಾಡಬೇಕು ಎಂಬುದು ಇದರಿಂದ ತಿಳಿಯುತ್ತದೆ. ಒಂದು ತೊಡಕಿದೆ: ಒಳಗೆ ಹೋದವನು ಓಟು ಹಾಕುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಮು ಬಿಡುವುದಿಲ್ಲ. ತಪ್ಪು ಸಾಬೀತಾಗದವನಿಗೂ ಅದೇ ನಿಯಮ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

2022ರ ತಮ್ಮ ರಾತ್ರಿಯ ಲೆಕ್ಕ ನನ್ನ ಮುಂದಿದೆ. ದೇಶದ 1,330 ಜೈಲುಗಳಲ್ಲಿ 4,36,266 ಜನಕ್ಕೆ ಜಾಗ, ಇದ್ದವರು 5,73,220. ನೂರು ಜನರ ಜಾಗದಲ್ಲಿ 131 ಜನ. ಅದರ ಹಿಂದಿನ ವರ್ಷಕ್ಕಿಂತ ಜಾಗ 10,657 ಹೆಚ್ಚಾಗಿತ್ತು, ಜನ 19,186 ಹೆಚ್ಚಾಗಿದ್ದರು. ನಮ್ಮ ಇಂಜಿನಿಯರುಗಳು ಓಡುತ್ತಿದ್ದಾರೆ, ನಮ್ಮ ಪೊಲೀಸರು ಅವರಿಗಿಂತ ಜೋರಾಗಿ ಓಡುತ್ತಿದ್ದಾರೆ. ಈ 5,73,220ರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಶೇ 75.8. ಕೋರ್ಟು ಇನ್ನೂ ಏನೂ ಹೇಳಿರದ ಜನ. ಐದು ವರ್ಷ ದಾಟಿಯೂ ವಿಚಾರಣೆ ಮುಗಿಯದವರು 11 ಸಾವಿರಕ್ಕೂ ಹೆಚ್ಚು. ಜೈಲು ಎಂದರೆ ಶಿಕ್ಷೆಯಾದವರು ಇರುವ ಜಾಗ ಎಂದು ನಮ್ಮೂರ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಪಠ್ಯಪುಸ್ತಕ ಸಮಿತಿಯವರು ತಮ್ಮ ಕೋಷ್ಟಕ ನೋಡಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಸಣ್ಣ ಕೋಷ್ಟಕವಿದೆ. ಮಕ್ಕಳೊಂದಿಗಿರುವ ಮಹಿಳಾ ಬಂದಿಗಳು 1,537, ಮಕ್ಕಳು 1,764. ಈ ಮಕ್ಕಳು ಕೈದಿಗಳ ಒಟ್ಟು ಮೊತ್ತದಲ್ಲಿ ಸೇರುವುದಿಲ್ಲ. ರಾತ್ರಿ ಬೀಗ ಬೀಳುವುದು ಅವರ ಮೇಲೂ. ಜಾಗ ಎಷ್ಟು ತುಂಬಿದೆ ಎಂಬ ಶೇಕಡಾವಾರು ತೆಗೆಯುವಾಗ ಮಾತ್ರ ಅವರು ಗಾಳಿಯಂತೆ, ಜಾಗವನ್ನೇ ಹಿಡಿಯದವರು.

ಈಗ ನಮ್ಮ ಜಿಲ್ಲೆಯ ಒಂದು ಸಂಗತಿ. ಇದರಲ್ಲಿ ತಮ್ಮ ಹೆಸರೂ ಬರುತ್ತದೆ. 2024ರ ಡಿಸೆಂಬರ್ ಕೊನೆ, ಮೈಸೂರು ಕೇಂದ್ರ ಕಾರಾಗೃಹ. ಒಳಗೆ ಬೇಕರಿ ಇದೆ, ಹೊಸ ವರ್ಷದ ಕೇಕಿಗೆ ಎಸೆನ್ಸ್ ತರಿಸಿದ್ದಾರೆ. ಮೂವರು ಬಂದಿಗಳು ನಶೆಯ ಆಸೆಗೆ ಅದನ್ನೇ ಕುಡಿದರು. ಹೊಟ್ಟೆನೋವೆಂದರು, ಆಸ್ಪತ್ರೆಗೆ ಹೋದರು. ಜನವರಿಯ ಮೊದಲ ಹತ್ತು ದಿನದೊಳಗೆ ಒಬ್ಬರ ಹಿಂದೊಬ್ಬರಂತೆ ಮೂವರೂ ತೀರಿಕೊಂಡರು. ತಾವು ಬಂದುಹೋದ ರಾತ್ರಿ ಮೂವರಿಗೂ ಉಸಿರಿತ್ತು. ಹಾಗಾಗಿ 2024ರ ಲೆಕ್ಕಕ್ಕೆ ಅವರು ಜೀವಂತ ತಲೆಗಳು, ಕುಡಿದ ವರ್ಷದ ಪುಸ್ತಕಕ್ಕೆ ಸಾವಿನ ಕಳಂಕವಿಲ್ಲ. ಸಾವು 2025ರ ಖಾತೆಗೆ. ಅಲ್ಲಾದರೂ ಯಾವ ಮನೆಯಲ್ಲಿ ಕೂರಿಸುತ್ತಾರೆ? 2022ರಲ್ಲಿ ಜೈಲುಗಳಲ್ಲಿ ಸತ್ತವರು 1,995 ಜನ. ಅದರಲ್ಲಿ 1,773 ಸಹಜ, 159 ಅಸಹಜ, ಉಳಿದ 63ಕ್ಕೆ ಕಾರಣವೇ ತಿಳಿದಿಲ್ಲ. ಸಹಜದೊಳಗೆ ಕಾಯಿಲೆ ಮತ್ತು ಮುಪ್ಪು ಬರುತ್ತವೆ. ಡಾಕ್ಟರು ಬರುವುದು ತಡವಾಗಿ ಸತ್ತರೂ ಅದು ಕಾಯಿಲೆಯೇ, ಸಹಜವೇ. ಅಸಹಜದೊಳಗೆ ಆತ್ಮಹತ್ಯೆ, ಅಪಘಾತ, ಕೊಲೆ, ಕೊನೆಗೆ ಇತರೆ. ಕೇಕಿನ ಎಸೆನ್ಸಿಗೆ ಕಾಲಂ ಇಲ್ಲ. ಬೇಕರಿಯ ಬಾಟಲಿಯ ಬೀಗ ಯಾರ ಕೈಲಿತ್ತು ಎಂಬುದಕ್ಕೂ ಇಲ್ಲ. ಇತರೆಯವರು ದೊಡ್ಡ ಮನಸ್ಸಿನವರು, ಎಲ್ಲರಿಗೂ ಜಾಗ ಕೊಡುತ್ತಾರೆ.

ತಮ್ಮ ಇನ್ನೊಂದು ಸ್ವಭಾವದ ಬಗ್ಗೆಯೂ ಹೇಳಬೇಕು. ತಾವು ವರ್ಷಕ್ಕೊಮ್ಮೆ ಬಾಗಿಲಲ್ಲಿ ಇಣುಕಿ ಹೋಗುವವರು. ಜನವರಿಯಲ್ಲಿ ಒಳಗೆ ಹೋಗಿ ನವೆಂಬರಿನಲ್ಲಿ ಜಾಮೀನು ಸಿಕ್ಕಿದವನು ತಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 2021ರಲ್ಲಿ ದೇಶದ ಜೈಲುಗಳಿಗೆ ಬಂದವರು 18 ಲಕ್ಷಕ್ಕೂ ಹೆಚ್ಚು. ತಾವು ಕಂಡದ್ದು 5,54,034. ಉಳಿದವರ ಕೂಲಿ ಹೋಯಿತೋ, ಹೊಲ ಬೀಳು ಬಿತ್ತೋ, ಮದುವೆ ಮುರಿಯಿತೋ, ತಾವು ಬರುವ ಹೊತ್ತಿಗೆ ಅವರು ಊರು ಸೇರಿಯಾಗಿತ್ತು.

ನಮ್ಮೂರ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಕೆಲವಕ್ಕೆ ಮಂಗೋಲಿಯಾದಲ್ಲಿ ಹಾಕಿದ ಕೊರಳಪಟ್ಟಿ ಇರುತ್ತದೆ, ಪಟ್ಟಿಯ ಮೇಲೆ ಗುರುತು. ಮೈಸೂರಿನಿಂದ ಬಂದ ಹಕ್ಕಿಪ್ರಿಯರು ಏರಿಯ ಮೇಲೆ ದುರ್ಬೀನು ಹಿಡಿದು ನಿಂತು ಗುರುತು ಓದಿದರೆ ಸಾಕು, ಅದು ಎಲ್ಲಿ ಪಟ್ಟಿ ಹಾಕಿಸಿಕೊಂಡದ್ದೆಂದು ಗೊತ್ತಾಗುತ್ತದೆ. ನೋಡಿದ ದಿನವೇ ಲೆಕ್ಕ ಸಿಗುವ ಈ ಗಣತಿ ಹಾರುವ ಪ್ರಾಣಿಯದ್ದು. ಬೀಗ ಹಾಕಿ ಕೂರಿಸಿದ ಮನುಷ್ಯರನ್ನು ಜೈಲಿನಲ್ಲಿ ಬೆಳಗ್ಗೆ ಬ್ಯಾರಕ್ ತೆಗೆಯುವಾಗ ಎಣಿಸುತ್ತಾರೆ, ಸಂಜೆ ಲಾಕಪ್ ಮಾಡುವಾಗ ಎಣಿಸುತ್ತಾರೆ, ಒಂದು ತಲೆ ಕಡಿಮೆಯಾದರೆ ಸೈರನ್ ಕೂಗುತ್ತದೆ. ಇ-ಪ್ರಿಸನ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯೂ ಇದೆ. ಇಷ್ಟಿದ್ದೂ 2016ರ ಪುಸ್ತಕ ಹೊರಬಂದದ್ದು 2019ರ ಏಪ್ರಿಲಿನಲ್ಲಿ, ಅದೂ ಜಾತಿ ಧರ್ಮದ ವಿವರ ಬಿಟ್ಟು. 2023ರದ್ದು 2025ರಲ್ಲಿ ಬಂತು. ಅದರಲ್ಲಿ ಕೈದಿಗಳ ಸಂಖ್ಯೆ 5,30,333ಕ್ಕೆ ಇಳಿದಿತ್ತು. ಒಂದೇ ವರ್ಷದಲ್ಲಿ 42,887 ತಲೆ ಕಡಿಮೆ! ಯಾಕೆ ಇಳಿಯಿತು, ಯಾರು ಹೊರಬಂದರು ಎಂದು ಕುಣಿದಾಡಿ ಕೇಳಬೇಕಾದ ಸುದ್ದಿ. ಸುದ್ದಿ ಮುಟ್ಟುವ ಹೊತ್ತಿಗೆ ಅದು ಹಳೇ ಪಂಚಾಂಗ.

ಜಾತಿಯ ಮಾತು ಬಂತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನ ರಿಜಿಸ್ಟರುಗಳಿಂದ ಜಾತಿ ಕಾಲಂ ತೆಗೆದುಹಾಕಿ ಎಂದಿತು. ಕಾರಣ ಸರಿಯಾದದ್ದೇ: ಕಸ ಗುಡಿಸುವುದು ಯಾರ ಪಾಲಿಗೆ, ಅಡುಗೆ ಯಾರ ಪಾಲಿಗೆ ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಗಳು ಜಾತಿ ನೋಡಿ ಹಂಚುತ್ತಿದ್ದವು. ಬ್ಯೂರೊದ ಅಂಕಿಅಂಶ ಸಂಗ್ರಹಕ್ಕೆ ಇದು ಅಡ್ಡಿಯಲ್ಲ ಎಂದೂ ಕೋರ್ಟು ಆಮೇಲೆ ಸ್ಪಷ್ಟಪಡಿಸಿತು. ಅದೂ ಸರಿಯೇ, ಯಾರನ್ನು ಹೆಚ್ಚು ಹಿಡಿದು ಹಾಕುತ್ತಾರೆಂದು ತಿಳಿಯುವುದು ಹೇಗೆ ಮತ್ತೆ? ನನ್ನ ಕನಿಕರ ರೈಟರ್ ಸಾಹೇಬರ ಮೇಲೆ. ಜಾತಿ ಬರೆಯಬಾರದು, ಕಳಿಸಬೇಕು.

ಕೊನೆಗೆ ಕೋರಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ವಿಚಾರಣಾಧೀನನು ತನ್ನ ಮೇಲಿರುವ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಕೋರ್ಟು ಬಾಂಡಿನ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೂ ಹಲವು ಕೇಸು ಬಾಕಿ ಇದ್ದವರಿಗೂ ಇದು ಇಲ್ಲ. ಆ ಅವಧಿ ಮುಗಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲು ಸೂಪರಿಂಟೆಂಡೆಂಟರು. ಅಂದರೆ ಇಲ್ಲಿ ದಿನದ ಲೆಕ್ಕವೇ ಬಿಡುಗಡೆಯ ಕೀಲಿ. ವರ್ಷದ ಲೆಕ್ಕ ಸಂಶೋಧಕರಿಗಿರಲಿ. ನ್ಯಾಯಬೆಲೆ ಅಂಗಡಿಯ ಮುಂದೆ ಅಕ್ಕಿ ಎಷ್ಟು ಬಂತು, ಎಷ್ಟು ಕೊಟ್ಟೆವು, ಎಷ್ಟು ಉಳಿಯಿತು ಎಂದು ಸೀಮೆಸುಣ್ಣದಲ್ಲಿ ಬರೆದ ಹಲಗೆ ಇರುತ್ತದಲ್ಲ, ಅಂಥದ್ದೊಂದನ್ನು ಪ್ರತಿ ಜೈಲಿನ ಗೇಟಿಗೆ, ಸಂದರ್ಶನಕ್ಕೆ ಚೀಟಿ ಬರೆಸಲು ಸಾಲು ನಿಲ್ಲುವ ಕಡೆ, ತೂಗುಹಾಕಿಸಿ. ಇವತ್ತು ಒಳಗಿರುವವರು ಎಷ್ಟು. ಮೂರನೇ ಒಂದು ಭಾಗ ಮುಗಿಸಿದವರು ಎಷ್ಟು. ಅವರ ಪೈಕಿ ಎಷ್ಟು ಜನರ ಅರ್ಜಿ ಕೋರ್ಟಿಗೆ ಹೋಗಿದೆ. ಬೆಂಗಾವಲಿಗೆ ಪೊಲೀಸರಿಲ್ಲವೆಂದು ಇವತ್ತು ವಾಯಿದೆ ತಪ್ಪಿದ್ದು ಎಷ್ಟು. ಸೀಮೆಸುಣ್ಣದ ಖರ್ಚು ನಾನೇ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹದಿನಾರಿನ ಒಬ್ಬ ಮತದಾರ (ಸದ್ಯ ಹೊರಗಿರುವವನು)

ಪ್ರತಿ: ಶ್ರೀಮಾನ್ ಜನವರಿ 1ನೇ ತಾರೀಕಿನವರಿಗೆ, ಸೂಕ್ತ ಕ್ರಮಕ್ಕಾಗಿ. ಉಳಿದ 363 ದಿನಗಳವರಿಗೆ, ಮಾಹಿತಿಗಾಗಿ.