ಪ ಇಲ್ಲದ ಕುಂಟೆಬಿಲ್ಲೆ

"ಏನ್ ಟೀಚರೇ, ಸಂಗೀತದ ಪೀರಿಯಡ್‌ನಲ್ಲಿ ಮಕ್ಕಳನ್ನ ಕುಂಟಿಸ್ತಿದ್ದೀರಂತೆ? ನಮ್ಮ ಮೊಮ್ಮಗಳು ಬಂದು 'ಅಜ್ಜೀ, ಮೋಹನದಲ್ಲಿ ಔಟಾದೆ' ಅಂದ್ಲು. ಮೋಹನದಲ್ಲಿ ಹಾಡೋದು ಕೇಳಿದೀನಿ, ಔಟಾಗೋದು ಇದೇ ಮೊದಲು!"

ಒಣಗಿದ ಬಟ್ಟೆ ತೆಗೀತಿದ್ದ ಟೀಚರು ನಗ್ತಾ ಕಾಂಪೌಂಡ್ ಹತ್ತಿರ ಬಂದರು.

"ಆರೋಹಣ, ಅವರೋಹಣ, ವರ್ಜ್ಯ ಅಂತ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಆಕಳಿಸ್ತಾರಮ್ಮ. ಅದಕ್ಕೇ ಅಂಗಳದಲ್ಲಿ 8 ಮನೆ ಬರೆದೆ. ಸ ರಿ ಗ ಮ ಪ ದ ನಿ, ಕೊನೆಗೆ ಮೇಲಿನ ಸ. ಹೋಗೋದು ಆರೋಹಣ, ಬರೋದು ಅವರೋಹಣ. ಕಾಲಿಟ್ಟ ಮನೆಯ ಸ್ವರ ಬಾಯಲ್ಲಿ ಬರಬೇಕು. ಬಿಲ್ಲೆ ಇರೋ ಮನೆ ವರ್ಜ್ಯ, ತುಳಿದ್ರೆ ಔಟ್."

"ಹಾಗಾದ್ರೆ ಮ, ನಿ ಮೇಲೆ ಬಿಲ್ಲೆ ಇಟ್ಟರೆ ಮೋಹನ!"

"ಹೂಂ. ಮೇಲಿನ ಸ ಮತ್ತೆ ಅದೇ ಸ, ಲೆಕ್ಕಕ್ಕಿಲ್ಲ. ಉಳಿದದ್ದು ಐದೇ ಸ್ವರ, ಔಡವ. ಬಿಲ್ಲೆ ಮ, ದ ಮೇಲಿದ್ರೆ ಹಂಸಧ್ವನಿ. ಒಂದೇ ಬಿಲ್ಲೆಯಾದ್ರೆ ಷಾಡವ, ಬಿಲ್ಲೇನೇ ಇಲ್ಲದಿದ್ರೆ ಸಂಪೂರ್ಣ."

"ಬಿಲಹರಿಗೆ ಏನ್ ಮಾಡ್ತೀರಿ? ಅದು ಹೋಗೋ ದಾರಿ ಬೇರೆ, ಬರೋ ದಾರಿ ಬೇರೆ."

"ಮಜಾ ಇರೋದೇ ಅಲ್ಲಿ. ಹೋಗುವಾಗ ಮೋಹನದ ಥರಾನೇ ಹಾರ್ಕೊಂಡು ಹೋಗ್ತಾರೆ. ಮೇಲಿನ ಸ ಮುಟ್ಟಿದ ಕೂಡಲೇ ನಾನು ಬಿಲ್ಲೆ ತೆಗೆದುಬಿಡ್ತೀನಿ. ಬರುವಾಗ ಒಂದು ಮನೇನೂ ಬಿಡೋ ಹಾಗಿಲ್ಲ. ಅದನ್ನ ಔಡವ-ಸಂಪೂರ್ಣ ಅಂತಾರೆ ಅಂತ ಹೇಳೋದು ಆಟ ಮುಗಿದ ಮೇಲೇನೇ. ಕಾಲು ಒಮ್ಮೆ ಮಾಡಿದ್ದಕ್ಕೆ ಹೆಸರು ಬೇಗ ಅಂಟುತ್ತೆ."

"ಪಾಪ, ಅಷ್ಟು ದೂರ ಒಂಟಿಕಾಲಲ್ಲೇ?"

"ಸ, ಪ ಮನೇಲಿ ಎರಡೂ ಕಾಲೂರಬಹುದು. ಮಿಕ್ಕ ಸ್ವರಗಳು ರಾಗಕ್ಕೆ ತಕ್ಕ ಹಾಗೆ ಸ್ಥಾನ ಬದಲಾಯಿಸ್ತವೆ, ಇವೆರಡು ಅಲ್ಲಾಡಲ್ಲ. ಶ್ರೀರಂಜನಿ ಆಡಿಸಿದ ದಿನ ದೊಡ್ಡ ಗಲಾಟೆ. ಅದರಲ್ಲಿ ಪ ಇಲ್ಲವಲ್ಲ, ಮೇಲಿನ ಸ ತನಕ ಕುಂಟಬೇಕು. 'ಮಿಸ್, ಈ ರಾಗ ಬೇಡ' ಅಂತ ಒಂದೇ ಸಮನೆ ಕೂಗಾಟ."

"ಎಲ್ಲಾ ಸರಿ, ಆದ್ರೆ ಭೂಪಾಳಕ್ಕೂ ಮೋಹನದ್ದೇ ಐದು ಮನೆ. ಕಾಲಿಗೆ ವ್ಯತ್ಯಾಸ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲಮ್ಮ. ಕಾಲು ಕಲಿಸೋದು ಮನೆ ನಂಬರ್ ಮಾತ್ರ. ಆಮೇಲೆ ಎಲ್ಲರನ್ನೂ ಕೂರಿಸಿ, ಕಣ್ಣು ಮುಚ್ಚಿಸಿ ಹಾಡ್ತೀನಿ. ಮೋಹನದ ಚತುಶ್ರುತಿ ರಿ ಕೇಳಿಸಿದ್ರೆ ಕೈ ಮೇಲೆ, ಭೂಪಾಳದ ಶುದ್ಧ ರಿ ಕೇಳಿಸಿದ್ರೆ ಕೈ ತೊಡೆ ಮೇಲೆ. ಪಕ್ಕದವರ ಕೈ ನೋಡಿ ಎತ್ತೋ ಹಾಗಿಲ್ಲವಲ್ಲ, ಅಲ್ಲಿ ಬಣ್ಣ ಬಯಲಾಗತ್ತೆ. ಕುಂಟೋದ್ರಲ್ಲಿ ಗೆದ್ದವರೇ ಎಷ್ಟೋ ಸಲ ಅಲ್ಲಿ ಸೋಲ್ತಾರೆ. ನೀವೂ ಒಂದಿನ ಬನ್ನಿ."

"ಈ ಮಂಡಿ ಇಟ್ಕೊಂಡು? ಬೇಕಾದ್ರೆ ಸ ಮನೇಲಿ ಎರಡೂ ಕಾಲೂರಿ ನಿಂತಿರ್ತೀನಿ, ಅಷ್ಟೇ."

"ನಿಂತ್ಕೊಂಡು 'ಸಾ' ಅಂತ ಬಿಡದೆ ಎಳೀತಿರಿ, ಸಾಕು. ನಮ್ಮ ಶಾಲೆ ಶ್ರುತಿಪೆಟ್ಟಿಗೆ ರಿಪೇರಿಗೆ ಹೋಗಿದೆ!"